ಹಳದಿ ಬಣ್ಣ ತೆಗೀಬೇಡ ಅಂದರು ಅಪ್ಪಾಜಿ

ಹೋದ ವರ್ಷ ಜೂನ್ ಕೊನೆಯಲ್ಲಿ ಒಂದು ಸಂಜೆ ಅಪ್ಪಾಜಿಯ ಫೋಟೊ ತೆಗೆದೆ. ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಪಡಸಾಲೆ, ಕಿಟಕಿ ಪಕ್ಕದ ಮರದ ಕುರ್ಚಿ, ಬಿಳಿ ಪಂಚೆ, ಬಿಳಿ ಬನಿಯನ್ನು. ಸುಮ್ನೆ ಕೂತಿದ್ದರು. ಫೋಟೊದಲ್ಲಿ ಮುಖ ಹಳದಿ ಬಂತು. ಬಲ್ಬಿನ ಬೆಳಕಿಗೆ ಹಾಗಾಗಿದೆ ಅಂದುಕೊಂಡು ಮೊಬೈಲಲ್ಲೇ ಬಣ್ಣ ಸರಿ ಮಾಡಲು ಕೂತೆ. ಹಳದಿ ಕಮ್ಮಿ ಮಾಡಿದ ಹಾಗೆಲ್ಲ ಹಿಂದಿನ ಗೋಡೆ ನೀಲಿಗೆ ತಿರುಗಿತು, ಪಂಚೆ ನೀಲಿಗೆ ತಿರುಗಿತು, ಮುಖ ಮಾತ್ರ ಸರಿಹೋಗಲಿಲ್ಲ. ಅಪ್ಪಾಜಿ ಕೈ ಚಾಚಿ ಮೊಬೈಲ್ ಇಸ್ಕೊಂಡರು. ಕನ್ನಡಕ ಹಣೆಗೆ ಏರಿಸಿ, ಹತ್ತಿರ ಹಿಡಿದು ನೋಡಿದರು.

"ಪಂಚೆ ನೋಡು. ಮೊದಲು ಬೆಳ್ಳಗೇ ಇತ್ತಲ್ಲ? ಅಂದ್ರೆ ಬೆಳಕು ಸರಿ ಐತಿ. ಹಳದಿ ಆಗಿರೋದು ನಾನು. ಅದನ್ನ ತೆಗೀಬೇಡ ಯವ್ವಾ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ಬರೀ ಕಾಮಾಲೆ ಆಗಿದ್ರೆ ನಿಮ್ಮಣ್ಣ ಬೆಂಗಳೂರಿಂದ ವಾರಕ್ಕೆ ಎರಡು ಸಲ ಬರ್ತಿರಲಿಲ್ಲ. ಏನದು, ಹೇಳು."

ನಮಗೆಲ್ಲ ಹತ್ತು ದಿನದಿಂದ ಗೊತ್ತಿತ್ತು. ಸ್ಕ್ಯಾನಿಂಗ್ ರಿಪೋರ್ಟ್ ಬಂದ ದಿನ ಡಾಕ್ಟರು ಅಣ್ಣನನ್ನು ಕಾರಿಡಾರಿಗೆ ಕರೆದು ಹೇಳಿದ್ದರು. ಪಕ್ಕದ ಕೋಣೆಯಲ್ಲೇ ಅಪ್ಪಾಜಿ ಚಪ್ಪಲಿ ಹಾಕಿಕೊಳ್ಳುತ್ತಾ ಇದ್ದರು. ರೋಗ ಅವರದು, ಸುದ್ದಿ ಮಾತ್ರ ನಮಗೆ. ಅವರ ಮುಂದೆ ಏನೂ ಹೇಳಬೇಡಿ, ಧೈರ್ಯ ಕಳ್ಕೋತಾರೆ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೆವು. ನಾನೂ ಒಪ್ಪಿದ್ದೆ. ಆ ಹತ್ತು ದಿನ ನಾನು ಅವರ ಮುಖ ನೋಡಿ ಮಾತಾಡಲೇ ಇಲ್ಲ, ಅದು ಅವರಿಗೆ ಗೊತ್ತಾಗದೆ ಇರುತ್ತದಾ?

ಹೇಳಿದೆ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಕ್ಯಾನ್ಸರ್, ಲಿವರಿಗೂ ಹಬ್ಬಿದೆ, ಗಡ್ಡೆ ಪಿತ್ತನಾಳವನ್ನು ಒತ್ತಿ ಹಿಡಿದಿರೋದಕ್ಕೆ ಪಿತ್ತ ಕೆಳಗೆ ಇಳಿಯದೆ ರಕ್ತ ಸೇರಿ ಮೈ ಹಳದಿ ಆಗಿದೆ, ಆಪರೇಷನ್ ಮಾಡಿ ತೆಗೆಯುವ ಹಂತ ದಾಟಿದೆ ಅಂತ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಪ್ಪಾಜಿ ಕಿಟಕಿ ಕಡೆ ನೋಡಿ, "ಹಂಗಾದ್ರೆ ಸಾಯ್ತೀನಿ ಅನ್ನು" ಅಂದರು. ಅವ್ವ ಅಲ್ಲಿಂದಲೇ, "ಬಿಡ್ತು ಅನ್ರಿ, ಬಿಡ್ತು ಅನ್ರಿ" ಅಂತ ಕೂಗಿದಳು.

ಅವರು ಬಿಡ್ತು ಅನ್ನಲಿಲ್ಲ.

ಅಪ್ಪಾಜಿ ಯಾರು ಅಂತ ಸ್ವಲ್ಪ ಹೇಳಬೇಕು. 1974ರಲ್ಲಿ ಮಂಡಿಪೇಟೆ ಹತ್ತಿರ ಒಂದು ಕಾಳಿನ ಅಂಗಡಿಯ ಮಾಳಿಗೆ ಮೇಲೆ ಸ್ಟುಡಿಯೊ ಹಾಕಿದವರು. ಮೆಟ್ಟಿಲು ಹತ್ತುವಾಗ ಮೆಣಸಿನಕಾಯಿ ಘಾಟು, ಮೇಲೆ ಹೋದರೆ ಫಿಲ್ಮ್ ತೊಳೆಯುವ ಹೈಪೋ ರಾಸಾಯನಿಕದ ವಾಸನೆ, ನನ್ನ ಬಾಲ್ಯ ಅಂದರೆ ಈ ಎರಡು ವಾಸನೆ. ಊಟಿಯ ಕಾರ್ಖಾನೆಯಿಂದ ಬರುತ್ತಿದ್ದ 'ಇಂದು' ಅನ್ನೋ ಹೆಸರಿನ ಫಿಲ್ಮು, ಒಂದು ರೋಲಿಗೆ 12 ಫೋಟೊ. ಕ್ಯಾಮೆರಾ ಯಾಶಿಕಾ. ಅದನ್ನು ಕಣ್ಣಿಗೆ ಹಿಡಿಯೋದಲ್ಲ, ಹೊಟ್ಟೆ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಬೇಕು, ಎಡ ಬಲ ಅದಲುಬದಲಾಗಿ ಕಾಣುತ್ತದೆ. ಎದುರಿಗೆ ಕೂತವರಿಗೆ ತಲೆ ಬಾಗಿಸದೆ ಇದರಲ್ಲಿ ಫೋಟೊ ತೆಗೆಯೋಕೆ ಆಗಲ್ಲ ಅಂತ ಅವರು ಹೇಳುತ್ತಿದ್ದರು. ಮಿಲ್ಲಿನವರು, ದಲಾಲರು, ಹೊಸ ಮದುಮಕ್ಕಳು, ಎಸ್ಸೆಸ್ಸೆಲ್ಸಿ ಹುಡುಗರು, ಎಲ್ಲರೂ ಆ ಮೆಟ್ಟಿಲು ಹತ್ತಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯ್ತಲ್ಲ, ಆ ವರ್ಷ ಹೊಸ ಆಫೀಸುಗಳ ಅರ್ಜಿಗೆ ಅಂತ ಪಾಸ್‌ಪೋರ್ಟ್ ಸೈಜಿನ ಫೋಟೊಗೆ ಜನ ಸಾಲು ನಿಂತಿದ್ದು ನನಗೆ ನೆನಪಿದೆ.

ಇದರ ಜೊತೆಗೆ ಇನ್ನೊಂದು ಕೆಲಸ ಇತ್ತು. ಸತ್ತವರ ಫೋಟೊ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಲಿಂಗಾಯತರು ಸತ್ತವರನ್ನು ಕೂರಿಸುತ್ತೇವೆ. ಮೈ ತೊಳೆದು, ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ತಲೆ ವಾಲದ ಹಾಗೆ ಬಟ್ಟೆ ಕಟ್ಟಿ, ಹಾರ ಹಾಕಿ ಕೂರಿಸುತ್ತೇವೆ. ಅಕ್ಕಪಕ್ಕ ಮಕ್ಕಳು ಮೊಮ್ಮಕ್ಕಳು ಕೂತು ಒಂದು ಫೋಟೊ ಆಗಲೇಬೇಕು. ರಾತ್ರಿ ಎರಡು ಗಂಟೆಗೂ ಯಾರಾದರೂ ಬಂದು ಬಾಗಿಲು ಬಡಿಯುತ್ತಿದ್ದರು. ಅಪ್ಪಾಜಿ ಮೊದಮೊದಲು ಸೈಕಲ್ಲಿನಲ್ಲಿ, ಆಮೇಲೆ ಲೂನಾದಲ್ಲಿ ಹೋಗುತ್ತಿದ್ದರು. ಬಂದ ಮೇಲೆ ಸ್ನಾನ ಮಾಡಿಯೇ ಒಳಗೆ ಬರಬೇಕು. ಚಳಿಗಾಲದಲ್ಲಿ ಹಿತ್ತಲಲ್ಲಿ ಅವರು ತಲೆ ಮೇಲೆ ನೀರು ಹುಯ್ಕೊಳ್ಳುವ ಸದ್ದಿಗೆ ನನಗೆ ಎಚ್ಚರ ಆಗುತ್ತಿತ್ತು.

ಎಷ್ಟೋ ಮನೆಗಳಲ್ಲಿ ಆ ಅಜ್ಜಿಗೋ ಅಜ್ಜನಿಗೋ ಬದುಕಿದ್ದಾಗಿನ ಒಂದೂ ಫೋಟೊ ಇರುತ್ತಿರಲಿಲ್ಲವಂತೆ. ಇಡೀ ಜೀವಮಾನದಲ್ಲಿ ಅದೊಂದೇ ಫೋಟೊ, ಅದೂ ಹೋದ ಮೇಲೆ. ಆಮೇಲೆ ಮಕ್ಕಳು ಸ್ಟುಡಿಯೊಗೆ ಬಂದು ಮೆಲ್ಲಗೆ ಕೇಳುತ್ತಿದ್ದರು, "ಸಾರ್, ಕಣ್ಣು ಬಿಡಿಸಿ ಕೊಡ್ರಿ." ಅಂದರೆ ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದುಕೊಡಬೇಕು. ಅಪ್ಪಾಜಿ ನಾಲ್ಕೇ ಕೂದಲಿನ ಬ್ರಶ್ಶು ಹಿಡಿದು, ಉಸಿರು ಬಿಗಿಹಿಡಿದು, ಪ್ರಿಂಟಿನ ಮೇಲೆ ಕಣ್ಣು ಬರೆಯುತ್ತಿದ್ದರು. ಅವರು ಎಂದೂ ನೋಡದ ಕಣ್ಣು. ಹಾಗಾಗಿ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು ಅವರ ಕಣ್ಣು ನೋಡಿ ಬರೆಯುತ್ತಿದ್ದರು. ದಾವಣಗೆರೆಯ ಹಳೇ ಮನೆಗಳ ಗೋಡೆಯ ಮೇಲೆ ಇವತ್ತಿಗೂ ಮಕ್ಕಳ ಕಣ್ಣು ಇಟ್ಟುಕೊಂಡ ಅಜ್ಜಂದಿರು ಕೂತಿದ್ದಾರೆ.

ವಿಷಯ ಗೊತ್ತಾದ ಎರಡನೇ ದಿನ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅಪ್ಪಾಜಿ ಹೇಳಿದರು. ರಾತ್ರಿಯೆಲ್ಲ ಯೋಚನೆ ಮಾಡಿದ್ದರು ಅನಿಸುತ್ತದೆ. "ನಮ್ಮೂರಾಗೆ ಸತ್ತೋರ ಫೋಟೊ ತೆಗೆಸ್ತಾರೆ. ಸಾಯ್ತಾ ಇರೋರ ಫೋಟೊ ಯಾರೂ ತೆಗೆಸಲ್ಲ. ಕಾಯಿಲೆ ಬಿದ್ದ ಮನುಷ್ಯನ್ನ ಒಳಗಿನ ಕೋಣೆಗೆ ಹಾಕ್ತಾರೆ. ಸತ್ತ ಮೇಲೆ ಪಡಸಾಲೆಗೆ ತಂದು ಕೂರಿಸ್ತಾರೆ. ನಾನು ಐನೂರು ಮನೆಗೆ ಹೋಗಿದೀನಿ, ಎಲ್ಲಾ ಕಡೆ ತಡವಾಗಿ ಹೋಗಿದೀನಿ." ಕಾಫಿ ಆರುತ್ತಿತ್ತು. "ನೀನು ಈಗಿಂದ ತೆಗಿ. ದಿನಾ ತೆಗಿ. ಕೂರಿಸಿದ ಮೇಲಿನದು ಬ್ಯಾಡ, ಅದನ್ನ ಬೇರೆ ಯಾರಾದ್ರೂ ತೆಗೀಲಿ. ಅವತ್ತು ನೀನು ಅಳ್ಬೇಕು."

ಒಂದು ಕರಾರು ಹಾಕಿದರು. ದಿನಾ ಸಂಜೆ ಅವತ್ತಿನ ಫೋಟೊ ಎಲ್ಲ ಅವರಿಗೆ ತೋರಿಸಬೇಕು, ಅವರು ಬೇಡ ಅಂದದ್ದನ್ನು ಅಲ್ಲೇ ಅಳಿಸಬೇಕು. ನಾಲ್ಕು ತಿಂಗಳು ಇದೇ ನಡೆಯಿತು. ಕೆನ್ನೆ ಒಳಗೆ ಹೋದದ್ದು, ಬಾಯಿ ತೆರೆದು ನಿದ್ದೆ ಹೋದದ್ದು, ಬಕೆಟ್ ಹಿಡಿದು ವಾಂತಿ ಮಾಡಿದ್ದು, ಅವನ್ನೆಲ್ಲ ಇರಲಿ ಅಂದರು. ಅಳಿಸಿದ್ದು ಯಾವುದು ಗೊತ್ತಾ? ಅವ್ವ ತಲೆ ಬಾಚದೆ ಇದ್ದದ್ದು, ಸೆರಗು ಜಾರಿದ್ದು, ಮೂಲೆಯಲ್ಲಿ ಕಣ್ಣೊರೆಸಿಕೊಂಡದ್ದು. "ಆಕೀನ ಕೇಳಿದ್ಯಾ? ಕಾಯಿಲೆ ನಂದು, ಆಕೀದಲ್ಲ" ಅನ್ನುತ್ತಿದ್ದರು. ಫೋಟೊ ತೆಗೆಯೋ ಮುಂಚೆ ಕೇಳಬೇಕು ಅನ್ನೋದನ್ನು ನಾನು ಕಲಿತದ್ದು 41ನೇ ವಯಸ್ಸಿನಲ್ಲಿ, ಹಾಗೆ.

ಮನೆಯಲ್ಲಿ ಜಗಳ ಆಗದೆ ಇರಲಿಲ್ಲ. ಅಣ್ಣ ಮೊದಲ ಸಲ ನೋಡಿದಾಗ ಮೊಬೈಲ್ ಕಿತ್ತುಕೊಂಡ. "ಅಪ್ಪಾಜಿ ಹೆಂಗಿದ್ರು ಅಂತ ನೆನಪಿಟ್ಕೋಬೇಕೋ, ಹೆಂಗಾದ್ರು ಅಂತಲೋ?" ಅಂದ. ಅವನ ಪ್ರಶ್ನೆಯಲ್ಲಿ ನ್ಯಾಯ ಇತ್ತು, ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಅತ್ತೆ ಹರಿಹರದಿಂದ ಬಂದವರು, ಉಸಿರಿರೋ ಮನುಷ್ಯನ ಮುಂದೆ ಸಾವಿನ ಮಾತಾಡಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ನನ್ನನ್ನು ಹಿತ್ತಲಿಗೆ ಕರೆದು ಬೈದರು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ನಾವು ಹಾಗೇ ಬೆಳೆದವರು. "ಮರಣವೇ ಮಹಾನವಮಿ" ಅನ್ನೋ ಮಾತು ಚಿಕ್ಕಂದಿನಿಂದ ಕೇಳುತ್ತೇವೆ, ಮಠದಲ್ಲಿ ಕೇಳುತ್ತೇವೆ, ತಿಥಿಯ ಮನೆಯಲ್ಲಿ ಕೇಳುತ್ತೇವೆ. ಆದರೆ ಕಾಯಿಲೆಯ ಮನೆಯಲ್ಲಿ ಆ ಮಾತು ಬಾಯಿಗೆ ಬರಲ್ಲ.

ಜುಲೈನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿಯಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿಸಿದೆವು. ರೋಗಕ್ಕೆ ಅದು ಮದ್ದಲ್ಲ, ಪಿತ್ತ ಇಳಿಯಲು ದಾರಿ ಅಷ್ಟೇ. ಆದರೆ ಆ ತುರಿಕೆ ನಿಂತಿತಲ್ಲ, ಅದೇ ದೊಡ್ಡದು. ಪಿತ್ತ ಏರಿದಾಗಿನ ತುರಿಕೆ ಎಂಥದ್ದು ಅಂತ ನೋಡಿದವರಿಗೇ ಗೊತ್ತು. ರಾತ್ರಿಯೆಲ್ಲ ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂರುತ್ತಿದ್ದಳು, ಅವರ ಉಗುರು ಕತ್ತರಿಸಿದ್ದರೂ ಬೆನ್ನ ತುಂಬ ಗೀರು. ಆ ಬೆನ್ನಿನ ಒಂದು ಫೋಟೊ ಇದೆ. ಅವ್ವನ ಕೈ ಮಾತ್ರ ಕಾಣುತ್ತದೆ, ಹಸಿರು ಬಳೆ, ಎಣ್ಣೆಯ ಹೊಳಪು. ಅದನ್ನು ಅವ್ವನಿಗೆ ಕೇಳಿಯೇ ತೆಗೆದೆ.

ಕೀಮೊ ಕೊಡಬಹುದು, ಕೆಲವು ವಾರ, ಬಹಳ ಅಂದ್ರೆ ಕೆಲವು ತಿಂಗಳು ಜಾಸ್ತಿ ಸಿಗಬಹುದು ಅಂದರು ಡಾಕ್ಟರು. ಈ ಸಲ ಅಪ್ಪಾಜಿ ತಾವೇ ಎದುರಿಗೆ ಕೂತು ಕೇಳಿದರು, ಆ ತಿಂಗಳುಗಳಲ್ಲಿ ನಾನು ಮನೆಯಲ್ಲಿ ಇರ್ತೀನಾ, ಇಲ್ಲಿ ಇರ್ತೀನಾ? ಉತ್ತರ ಕೇಳಿ ಬೇಡ ಅಂದರು. ವಾಪಸ್ ಬರುವಾಗ 260 ಕಿಲೋಮೀಟರ್ ದಾರಿ, ಚಿತ್ರದುರ್ಗ ದಾಟೋವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡುತ್ತಾ, ಆಮೇಲೆ ಅವರೇ ಮಾತು ಶುರು ಮಾಡಿದರು. ಸ್ಟುಡಿಯೊದ ನೆಗೆಟಿವ್ ಡಬ್ಬಿಗಳನ್ನು ಏನು ಮಾಡಬೇಕು, ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ, ಅವ್ವನ ಹೆಸರಿಗೆ ಏನೇನು ಮಾಡಬೇಕು. ಅಣ್ಣ ಕಾರು ಓಡಿಸುತ್ತಾ ಅಳುತ್ತಿದ್ದ. ಅಪ್ಪಾಜಿ ಅವನ ಭುಜದ ಮೇಲೆ ಕೈ ಇಟ್ಟುಕೊಂಡೇ ಪಟ್ಟಿ ಹೇಳುತ್ತಿದ್ದರು. ಆವತ್ತಿನಿಂದ ಅಣ್ಣ ನನ್ನ ಮೊಬೈಲ್ ಕಿತ್ತುಕೊಳ್ಳಲಿಲ್ಲ.

ಇಲ್ಲಿ ಒಂದು ಕೆಲಸದ ವಿಷಯ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಕೊನೆಗೆ ವೆಂಟಿಲೇಟರ್ ಹಾಕಬೇಡಿ, ಸುಮ್ನೆ ಉಸಿರು ಎಳೆಸಬೇಡಿ ಅಂತ ನಾವು ಬುದ್ಧಿ ಸರಿ ಇರುವಾಗಲೇ ಬರೆದಿಡಬಹುದು. ಘನತೆಯಿಂದ ಸಾಯುವುದು ಮನುಷ್ಯನ ಹಕ್ಕು ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರಲ್ಲಿ ಕೋರ್ಟೇ ಅದನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ ಹಾಕಿಸಿದರೆ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ. ಅಪ್ಪಾಜಿ ಕನ್ನಡದಲ್ಲೇ, ತಮ್ಮ ದುಂಡು ಅಕ್ಷರದಲ್ಲಿ ಒಂದೂವರೆ ಪುಟ ಬರೆದರು. ಅವರು ಬರೆಯುತ್ತಾ ಕೂತ ಫೋಟೊ ಇದೆ. ನೋಡಿದವರು ಮಗಳ ಮದುವೆಯ ಖರ್ಚಿನ ಲೆಕ್ಕ ಬರೀತಿದ್ದಾರೆ ಅಂದುಕೊಳ್ಳಬೇಕು, ಅಷ್ಟು ಸಮಾಧಾನ ಆ ಮುಖದಲ್ಲಿ.

ಇನ್ನೊಂದು ಮಾರ್ಫಿನ್. ಬೆನ್ನಿಗೆ ಹೊಡೆಯುವ ಆ ನೋವು ಆಗಸ್ಟಿನಲ್ಲಿ ಶುರುವಾಯಿತು. ಮುಂದಕ್ಕೆ ಬಗ್ಗಿ ದಿಂಬು ಅಪ್ಪಿಕೊಂಡು ಕೂತರೆ ಸ್ವಲ್ಪ ಕಮ್ಮಿ, ಮಲಗಿದರೆ ಜಾಸ್ತಿ. ಅದು ಅಫೀಮು, ಅಭ್ಯಾಸ ಆಗುತ್ತೆ, ಸಾವು ಬೇಗ ಬರುತ್ತೆ ಅಂತ ನೆಂಟರೆಲ್ಲ ಹೆದರಿಸಿದರು. ನಾವೂ ಹೆದರಿ ಎಂಟು ದಿನ ತಡ ಮಾಡಿದೆವು. ಆ ಎಂಟು ದಿನಕ್ಕೆ ನನಗೆ ಇವತ್ತಿಗೂ ಕ್ಷಮೆ ಇಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರಲ್ಲ, ನೋವನ್ನು ದೂರ ಮಾಡುತ್ತದೆ. ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬಂದ ಮೇಲೆ ಕೊಡೋಣ ಅಂತ ಕಾಯಬಾರದು, ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಕೊಡಬೇಕು. ಇದನ್ನೆಲ್ಲ ಮನೆಗೆ ಬರುತ್ತಿದ್ದ ನರ್ಸ್ ಅಕ್ಕ ಹೇಳಿಕೊಟ್ಟರು. 2014ರಲ್ಲಿ ಮಾದಕ ವಸ್ತುಗಳ ಕಾನೂನು ತಿದ್ದುಪಡಿ ಆದ ಮೇಲೆ ಈ ಔಷಧಿ ಇಡಲು ಆಸ್ಪತ್ರೆಗಳಿಗೆ ಮೊದಲಿನಷ್ಟು ತೊಡಕಿಲ್ಲ. ಕೇಳಬೇಕು. ನಾಚಿಕೆ ಪಡದೆ ಕೇಳಬೇಕು.

ನೋವು ಹಿಡಿತಕ್ಕೆ ಬಂದ ಮೇಲಿನ ಆರು ವಾರ ಇದೆಯಲ್ಲ, ಅದು ನನ್ನ ಜೀವನದ ಒಳ್ಳೆಯ ದಿನಗಳು ಅಂದರೆ ನೀವು ನಂಬಬೇಕು.

ಒಂದು ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ವಾಕಿಂಗ್ ಬಂದವರು ನಿಂತು ಮಾತಾಡಿಸಿದರು, ನಮ್ಮ ಮದುವೆ ಫೋಟೊ ನೀವೇ ತೆಗೆದದ್ದು ಸಾರ್ ಅಂದರು ಒಬ್ಬರು. ಹುಷಾರಾಗಿ ಬಿಡ್ತೀರಿ ಅಂತ ಅವರು ಅಂದಾಗ ಅಪ್ಪಾಜಿ, "ಇಲ್ಲಪ್ಪ, ದೀಪಾವಳಿ ಹೊತ್ತಿಗೆ ಹೋಗ್ತೀನಿ. ಅದಕ್ಕೇ ಎಲ್ಲರನ್ನೂ ನೋಡೋಣ ಅಂತ ಬಂದೆ" ಅಂದರು. ಆ ಮನುಷ್ಯ ಗಾಬರಿಯಾಗಿ ನನ್ನ ಮುಖ ನೋಡಿದರು. ಆಮೇಲೆ ಗಾಲಿಕುರ್ಚಿ ಪಕ್ಕ ಕುಕ್ಕರುಗಾಲಲ್ಲಿ ಕೂತು ತಮ್ಮ ತಂದೆ ಹೇಗೆ ಹೋದರು ಅಂತ ಅರ್ಧ ಗಂಟೆ ಹೇಳಿಕೊಂಡರು. ಇದು ಒಂದು ಸಲ ಅಲ್ಲ, ಮತ್ತೆ ಮತ್ತೆ ಆಯಿತು. ಮನೆಗೆ ನೋಡಲು ಬಂದವರಲ್ಲಿ ಅರ್ಧ ಜನ ಹೀಗೆ ಅಪ್ಪಾಜಿಯ ಹಾಸಿಗೆ ಪಕ್ಕ ಕೂತು ತಮ್ಮ ಮನೆಯ ಸಾವಿನ ಮಾತಾಡಿ ಹೋದರು, ಎಷ್ಟು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದರೋ ಏನೋ.

ಬೆಣ್ಣೆ ದೋಸೆ ಬೇಕು ಅಂದರು ಒಂದು ದಿನ. ಅಣ್ಣ ಓಡಿಹೋಗಿ ಕಟ್ಟಿಸಿಕೊಂಡು ಬಂದ. ಎರಡು ತುತ್ತು. ಉಳಿದದ್ದನ್ನು ನಾವು ಅವರ ಮುಂದೆಯೇ ಕೂತು ತಿನ್ನಬೇಕು ಅಂತ ಹಟ ಮಾಡಿದರು. ತಿಂದೆವು.

ಬೆಲ್ಟಿನ ಫೋಟೊ ಒಂದಿದೆ. 68 ಕೆಜಿ ಇದ್ದವರು 41ಕ್ಕೆ ಇಳಿದರು, ತಿಂಗಳಿಗೊಂದು ಹೊಸ ತೂತು ಹಾಕುತ್ತಾ ಬಂದರು, ಮೊಳೆ ಕಾಯಿಸಿ ಅವರೇ ಹಾಕಿದ್ದು. ಬೆಲ್ಟನ್ನು ಬಿಳಿ ಹಾಸಿಗೆ ಮೇಲೆ ಉದ್ದಕ್ಕೆ ಇಟ್ಟು ಮೇಲಿಂದ ತೆಗಿ ಅಂತ ಅವರೇ ಹೇಳಿದರು. ಮನುಷ್ಯರೇ ಇಲ್ಲದ ಆ ಫೋಟೊ ನೋಡಲು ನನಗೆ ಎಲ್ಲಕ್ಕಿಂತ ಕಷ್ಟ.

ಎಲ್ಲ ಹೇಳುವಾಗ ಇದನ್ನೂ ಹೇಳಬೇಕು. ಕೆಲವು ದಿನ ನಾನು ಕ್ಯಾಮೆರಾ ಹಿಂದೆ ಬಚ್ಚಿಟ್ಟುಕೊಂಡೆ. ಅವರು ನೋವಿನಲ್ಲಿ ನರಳುವಾಗ ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಯೋಚಿಸಿದರೆ ನರಳುವುದು ಸ್ವಲ್ಪ ಕಮ್ಮಿ ಕೇಳಿಸುತ್ತದೆ. ಅವರಿಗೆ ಅದು ಗೊತ್ತಾಗಿಬಿಡುತ್ತಿತ್ತು. ಒಂದು ರಾತ್ರಿ ಹಾಗೆ ನಿಂತಿದ್ದಾಗ, "ಅದನ್ನ ಅಲ್ಲಿಡು. ಕೈ ಕೊಡು" ಅಂದರು. ಬೆಳಗಿನವರೆಗೂ ಕೈ ಹಿಡಿದುಕೊಂಡು ಕೂತೆ. ಆ ರಾತ್ರಿಯ ಫೋಟೊ ಇಲ್ಲ.

ಮಹಾನವಮಿ ಬಂತು. ಆಯುಧಪೂಜೆ ಅಂದರೆ ನಮ್ಮ ಸ್ಟುಡಿಯೊದಲ್ಲಿ ದೊಡ್ಡ ಹಬ್ಬ. ಕ್ಯಾಮೆರಾಗಳಿಗೆಲ್ಲ ವಿಭೂತಿ ಹಚ್ಚಿ, ಚೆಂಡುಹೂವು ಇಟ್ಟು, ಮಂಡಕ್ಕಿ ಮಿರ್ಚಿ ಹಂಚುತ್ತಿದ್ದರು. ಸ್ಟುಡಿಯೊ ಮುಚ್ಚಿ ನಾಲ್ಕು ವರ್ಷ ಆಗಿತ್ತು. ಈ ಸಲ ಟ್ರಂಕು ತೆಗೆಸಿದರು. ಹಾಸಿಗೆ ಮೇಲೆ ಬಿಳಿ ಬಟ್ಟೆ ಹಾಸಿ ಯಾಶಿಕಾ, ಎರಡು ಹಳೇ ನಿಕಾನು, ಎನ್‌ಲಾರ್ಜರಿನ ಲೆನ್ಸು, ರಿಟಚ್ ಬ್ರಶ್ಶು, ಕೆಂಪು ಬಲ್ಬು, ಎಲ್ಲ ಸಾಲಾಗಿ ಇಟ್ಟೆವು. ಅಷ್ಟರಲ್ಲಿ ಹಳದಿ ಮತ್ತೆ ಏರಿತ್ತು. ಚೆಂಡುಹೂವಿನ ಪಕ್ಕದಲ್ಲಿ ಅವರ ಕೈ, ಎರಡೂ ಒಂದೇ ಬಣ್ಣ. ಅವ್ವನಿಗೂ ಅದು ಕಂಡಿತು ಅನಿಸುತ್ತದೆ. ಅವರು ಅವ್ವನ ಕಡೆ ತಿರುಗಿ, "ಮರಣವೇ ಮಹಾನವಮಿ ಅಂತಾರಲ್ಲ, ನೋಡು, ನಂಗೆ ಎರಡೂ ಒಟ್ಟಿಗೇ ಬಂದಾವೆ" ಅಂದರು. ಅವ್ವ ಆವತ್ತು ಬಿಡ್ತು ಅನ್ರಿ ಅನ್ನಲಿಲ್ಲ. ಪಕ್ಕಕ್ಕೆ ಬಂದು ಕೂತಳು. "ನಂದೂ ಒಂದು ತೆಗಿ, ಇವರ ಜೊತಿಗೆ" ಅಂದಳು ನನಗೆ.

ಅಣ್ಣ ಬೆಂಗಳೂರಿನಿಂದ ಯಾಶಿಕಾಗೆ ಹಾಕುವ 120 ಸೈಜಿನ ಫಿಲ್ಮ್ ರೋಲು ಒಂದನ್ನು ತಂದಿದ್ದ. ಕಪ್ಪುಬಿಳುಪು. ಯಾರಿಗೂ ಹೇಳದೆ ತಂದಿದ್ದ, ನನಗೂ ಹೇಳಿರಲಿಲ್ಲ. ಅಪ್ಪಾಜಿಯೇ ಯಾಶಿಕಾಗೆ ಹಾಕಿದರು, ಬೆರಳು ನಡುಗುತ್ತಿದ್ದರೂ ಒಂದು ಸಲಕ್ಕೇ ಕೂತಿತು. ಅವ್ವ ಒಳಗೆ ಹೋಗಿ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು ಬಂದಳು. ನಾನು ತಲೆ ಬಗ್ಗಿಸಿ ನೋಡಿದೆ. ಎಡ ಬಲ ಅದಲುಬದಲಾಗಿ, ಇಬ್ಬರೂ ಮಂಜು ಗಾಜಿನಲ್ಲಿ ಕೂತಿದ್ದರು. "ಉಸಿರು ಬಿಟ್ಟ ಮೇಲೆ ಒತ್ತು, ಎಳ್ಕೊಳ್ಳೋವಾಗ ಅಲ್ಲ" ಅಂದರು ಅಪ್ಪಾಜಿ. ಆವತ್ತು ಏಳು ತೆಗೆದೆವು. ಮುಂದಿನ ದಿನಗಳಲ್ಲಿ ಇನ್ನು ಐದು.

ದೀಪಾವಳಿ ಮುಗಿಯುವವರೆಗೂ ಇದ್ದರು. ಕೊನೆಯ ವಾರ ಊಟ ಬಿಟ್ಟರು. ನಾವು ಗಂಜಿ ತುಂಬಲು ಹೋದರೆ ನರ್ಸ್ ಅಕ್ಕ ತಡೆದರು. ಊಟ ಬಿಟ್ಟಿದ್ದಕ್ಕೆ ಸಾಯ್ತಾ ಇಲ್ಲ, ದೇಹ ಮುಗಿಸ್ತಾ ಇರೋದಕ್ಕೆ ಊಟ ಬೇಡ ಅಂತಿದೆ, ತುಟಿ ಒದ್ದೆ ಮಾಡಿ ಸಾಕು ಅಂದರು. ಕಾಲು ತಣ್ಣಗಾಗುತ್ತೆ, ಉಸಿರು ನಿಂತು ನಿಂತು ಬರುತ್ತೆ, ಗಂಟಲಲ್ಲಿ ಗೊರಗೊರ ಸದ್ದು ಆಗುತ್ತೆ, ಆ ಸದ್ದು ಅವರಿಗೆ ಕಷ್ಟ ಕೊಡಲ್ಲ, ನಿಮಗೆ ಕೊಡುತ್ತೆ ಅಂತ ಮುಂಚೆಯೇ ಹೇಳಿಟ್ಟಿದ್ದರು. ಎಲ್ಲ ಅವರು ಹೇಳಿದ ಹಾಗೇ ಬಂತು. ಮೊದಲೇ ಗೊತ್ತಿದ್ದರಿಂದ ನಾವು ಆಸ್ಪತ್ರೆಗೆ ಓಡಲಿಲ್ಲ. ಪಡಸಾಲೆಯಲ್ಲೇ, ಕಿಟಕಿ ಪಕ್ಕವೇ ಹಾಸಿಗೆ ಹಾಕಿದ್ದೆವು. ಒಳಗಿನ ಕೋಣೆಗೆ ಹಾಕಿರಲಿಲ್ಲ. ಬೆಳಗಿನ ಜಾವ ಐದೂವರೆಗೆ, ಹಾಲಿನವನು ಬೆಲ್ ಮಾಡುವ ಹೊತ್ತಿಗೆ, ಒಂದು ಉಸಿರು ಬಿಟ್ಟರು. ಮುಂದಿನದಕ್ಕೆ ನಾವು ಕಾಯುತ್ತಾ ಕೂತೆವು. ಅವ್ವನೇ ಮೊದಲು ಹೇಳಿದಳು, "ಹೋದ್ರು."

ಹತ್ತು ಗಂಟೆ ಹೊತ್ತಿಗೆ ಮೈ ತೊಳೆದು, ವಿಭೂತಿ ಹಚ್ಚಿ ಕೂರಿಸಿದರು. ಭಜನೆಯವರು ಬಂದರು. ಸಾಯುತ್ತಾ ಇರುವಾಗ ಫೋಟೊ ತೆಗೀಬೇಡ ಅಂದಿದ್ದ ಅತ್ತೆಯೇ, "ಫೋಟೊದೋರನ್ನ ಕರೀರಿ" ಅಂತ ಕೂಗಿದರು. ಅಪ್ಪಾಜಿಯ ಹತ್ತಿರ ಕೆಲಸ ಕಲಿತ ಹುಡುಗ ಬಂದ. ಹುಡುಗ ಅಂದರೆ ಈಗ ಐವತ್ತು ವರ್ಷ. ಅವನು ಕ್ಯಾಮೆರಾ ಹಿಡಿದು ನಿಂತು ಅಳುತ್ತಾ ಇದ್ದ, ಅಣ್ಣ ಹೋಗಿ ಬೆನ್ನು ಸವರಿದ. ನಾನು ಅಪ್ಪಾಜಿ ಹೇಳಿದ ಹಾಗೆ ಅವ್ವನ ಪಕ್ಕ ಕೂತಿದ್ದೆ. ಕೈ ಖಾಲಿ ಇತ್ತು. ನಾಲ್ಕು ತಿಂಗಳಿಂದ ಅಳದೆ ಇದ್ದದ್ದೆಲ್ಲ ಬಂತು.

ಒಟ್ಟು 612 ಫೋಟೊ ಇವೆ, ಅವರು ಅಳಿಸಿದ ಮೇಲೆ ಉಳಿದದ್ದು. ಅಣ್ಣನ ಪ್ರಶ್ನೆಗೆ ಈಗಲೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹೆಂಗಿದ್ರು, ಹೆಂಗಾದ್ರು ಅನ್ನೋ ಎರಡನ್ನೂ ಬೇರೆ ಮಾಡಲು ನನಗೆ ಆಗುತ್ತಿಲ್ಲ. ಆ ನಾಲ್ಕು ತಿಂಗಳೂ ಅವರು ಅವರೇ ಆಗಿದ್ದರು, ಬೆಳಕು ನೋಡುತ್ತಿದ್ದರು, ಬೈಯುತ್ತಿದ್ದರು, ಅವ್ವನ ಸೆರಗು ಸರಿ ಇದೆಯಾ ಅಂತ ಕೇಳುತ್ತಿದ್ದರು.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಯಾಶಿಕಾದ ರೋಲು ನೆನಪಾಯಿತು. ಊರಲ್ಲಿ ಈಗ ತೊಳೆದುಕೊಡುವವರು ಇಲ್ಲ. ಅಪ್ಪಾಜಿಯ ಟ್ಯಾಂಕು, ಥರ್ಮಾಮೀಟರು ಟ್ರಂಕಿನಲ್ಲಿ ಇದ್ದವು, ಡೆವಲಪರ್ ಮತ್ತು ಹೈಪೋ ತರಿಸಿದೆ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿದೆ. ಬಾಗಿಲ ಕೆಳಗಿನ ಸಂದಿಗೆ ಅವ್ವ ಹೊರಗಿನಿಂದ ಟವೆಲ್ ತುರುಕಿದಳು. ಕತ್ತಲಲ್ಲಿ ಸುರುಳಿಗೆ ಫಿಲ್ಮ್ ಸುತ್ತೋದು ಕೈಗೆ ಮರೆತಿರಲಿಲ್ಲ. ಡೆವಲಪರ್, ನೀರು, ಹೈಪೋ. ಆ ವಾಸನೆ ಏಳುತ್ತಿದ್ದ ಹಾಗೆ ಹೊರಗಿಂದ ಅವ್ವ, "ಸ್ಟುಡಿಯೊ ವಾಸನೆ ಬಂತು" ಅಂದಳು.

ತೊಳೆದು, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ಬಂದು ಹಿತ್ತಲ ಬೆಳಕಿಗೆ ಹಿಡಿದು ಒಂದೊಂದೇ ನೋಡಿದಳು. ಮೊಬೈಲಿನ 612ರಲ್ಲಿ ಒಂದನ್ನೂ ಅವಳು ಇನ್ನೂ ನೋಡಿಲ್ಲ. ನೆಗೆಟಿವಿನಲ್ಲಿ ಬಿಳಿಯದು ಕಪ್ಪು, ಕಪ್ಪಿದ್ದದ್ದು ಬಿಳಿ. ಮಹಾನವಮಿಯ ಆ ಫೋಟೊ ಹತ್ತಿರ ನಿಂತಳು. ಬೆರಳು ತಾಗಿಸದೆ, ಒದ್ದೆ ಫಿಲ್ಮಿನ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದಳು.

"ಇದ್ರಾಗೆ ನಿಮ್ಮ ಅಪ್ಪಾಜಿ ಕೂದಲು ಕರ್ರಗೈತಿ ನೋಡು" ಅಂದಳು. "ನನ್ನ ನೋಡಾಕೆ ಬಂದಾಗ ಹಿಂಗೇ ಇದ್ರು."